ಕ್ಯಾಲ್ಸಿಯಂ ಬಾಗಿಲು ಮುಚ್ಚಿದರೆ ಫಿಟ್ಸ್ ನಿಲ್ಲುತ್ತಾ? ಆರನೇ ವಾರ

ಈ ವಾರ ಟೇಬಲ್‌ನಲ್ಲಿ ವೆರಾಪಮಿಲ್ (ಒಂದು ಬಿಪಿ ಮಾತ್ರೆ) ಸಾಲು ತುಂಬಿಸಿದೆ. ಆಮೇಲೆ ಅರ್ಧ ಅಳಿಸಬೇಕಾಯಿತು.

ಹೊಸಬರಿಗೆ ಎರಡು ಮಾತು. ನನ್ನ ತಮ್ಮ ಕಾರ್ಬಮಜಪಿನ್ ಅನ್ನೋ ಫಿಟ್ಸ್ ಮಾತ್ರೆ ತಗೋತಾನೆ, ಆದರೂ ತಿಂಗಳಿಗೆ ಎರಡು ಮೂರು ಸಲ ಫಿಟ್ಸ್ ಬರುತ್ತದೆ. ಬಿಪಿಗೋ ಮೈಗ್ರೇನ್‌ಗೋ ಕೊಡುವ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳನ್ನು ಫಿಟ್ಸ್ ಮಾತ್ರೆಯ ಜೊತೆಗೆ ಸೇರಿಸಿ ನೋಡಿದ ಹಳೆಯ ಪ್ರಯೋಗಗಳನ್ನು ಒಂದೊಂದಾಗಿ ಓದಿ ಟೇಬಲ್‌ಗೆ ಹಾಕುತ್ತಿದ್ದೇನೆ. ಓದುವುದಷ್ಟೇ, ಅವನ ಮಾತ್ರೆ ಮುಟ್ಟಿಲ್ಲ.

ಯೋಚನೆಯಲ್ಲೇನೂ ತಪ್ಪಿಲ್ಲ. ಚಾನೆಲ್ ಅಂದರೆ ಕೋಶದೊಳಗೆ ಕ್ಯಾಲ್ಸಿಯಂ ಹೋಗುವ ಬಾಗಿಲು. ಕ್ಯಾಲ್ಸಿಯಂ ಒಳಗೆ ನುಗ್ಗಿದರೆ ನರಕೋಶ ಇನ್ನಷ್ಟು ಕೆರಳುತ್ತದೆ, ಬಾಗಿಲು ಮುಚ್ಚಿದರೆ ತಣ್ಣಗಾಗಬೇಕು ಅಲ್ವಾ? ಎಥೋಸಕ್ಸಿಮೈಡ್ ಅನ್ನೋ ಫಿಟ್ಸ್ ಮಾತ್ರೆ ಹಾಗೇ ಟಿ ಟೈಪ್ ಅನ್ನೋ ಒಂದು ಬಗೆಯ ಬಾಗಿಲು ಮುಚ್ಚಿ ಆಬ್ಸೆನ್ಸ್ ಫಿಟ್ಸ್ (ಕೆಲವು ಕ್ಷಣ ಅರಿವು ತಪ್ಪಿ ಸುಮ್ಮನೆ ದಿಟ್ಟಿಸುವ ಬಗೆ) ತಡೆಯುತ್ತದೆ. ಆದರೆ ಬಿಪಿ ಮಾತ್ರೆಗಳು ಹೆಚ್ಚಾಗಿ ಮುಚ್ಚುವುದು ಎಲ್ ಟೈಪ್. ಬಾಗಿಲೇ ಬೇರೆ.

ಈಗ ಅಳಿಸಿದ್ದು ಯಾಕೆ ಅಂದರೆ, 1986ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಚಿಕ್ಕ ವರದಿ. ಕಾರ್ಬಮಜಪಿನ್ ತಗೊಳ್ಳುತ್ತಿದ್ದ 6 ಜನರಿಗೆ ವೆರಾಪಮಿಲ್ ಸೇರಿಸಿದರು. ಕೆಲವೇ ದಿನಗಳಲ್ಲಿ ಆರೂ ಜನರಿಗೆ ಕಾರ್ಬಮಜಪಿನ್ ಜಾಸ್ತಿಯಾದ ಲಕ್ಷಣ ಶುರು, ರಕ್ತದಲ್ಲಿ ಅದರ ಮಟ್ಟ ಸರಾಸರಿ ಶೇ. 46 ಏರಿತ್ತು. ಲಿವರ್‌ನಲ್ಲಿ ಕಾರ್ಬಮಜಪಿನ್ ಕರಗಿಸುವ ಎಂಜೈಮನ್ನೇ ವೆರಾಪಮಿಲ್ ತಡೆಯುತ್ತದೆ. ಹಾಗಾಗಿ, ಎರಡನ್ನೂ ಸೇರಿಸಿ ಕೊಟ್ಟಾಗ ಫಿಟ್ಸ್ ಕಡಿಮೆಯಾಯಿತು ಅಂತ ಯಾರಾದರೂ ಬರೆದರೆ, ಕೆಲಸ ಮಾಡಿದ್ದು ಹೊಸ ಮಾತ್ರೆಯಾ ಅಥವಾ ಹಳೆಯದೇ ಜಾಸ್ತಿಯಾಗಿ ಕೆಲಸ ಮಾಡಿತಾ? ಮಟ್ಟ ಅಳೆಯದಿದ್ದರೆ ಹೇಳುವುದಕ್ಕೇ ಆಗದು. ಉಲ್ಟಾ ಕೂಡ ಇದೆ: ಕಾರ್ಬಮಜಪಿನ್, ಫೆನಿಟಾಯಿನ್ ಥರದ ಫಿಟ್ಸ್ ಮಾತ್ರೆಗಳು ಲಿವರನ್ನು ಚುರುಕು ಮಾಡಿ ನಿಮೋಡಿಪಿನ್, ನಿಫೆಡಿಪಿನ್ ಥರದ ಕ್ಯಾಲ್ಸಿಯಂ ಬ್ಲಾಕರ್‌ಗಳ ಮಟ್ಟವನ್ನು ಇಳಿಸಿಬಿಡುತ್ತವೆ.

ಮೈಗ್ರೇನ್‌ಗೆ ಕೊಡುವ ಫ್ಲುನಾರಿಜಿನ್ ಮೇಲೆ ನನಗೆ ಜಾಸ್ತಿ ಆಸೆ ಇತ್ತು. ಕಾಕ್ರೇನ್ ವಿಮರ್ಶೆ (ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಹೇಳುವ ಪ್ರಕಾರ ಫಿಟ್ಸ್ ಮೇಲೆ ಅದರ ಪರಿಣಾಮ ಇದ್ದರೂ ದುರ್ಬಲ, ನಡುವೆ ಬಿಟ್ಟುಹೋದವರು ಬಹಳ. ಇನ್ನೊಂದು ತೊಡಕು, ಅದು ಮೈಯಿಂದ ಅರ್ಧ ಖಾಲಿಯಾಗಲು ಸುಮಾರು 18 ದಿನ ಬೇಕು. ಅದೇ ರೋಗಿಗೆ ಮೊದಲು ಔಷಧಿ, ಆಮೇಲೆ ಸುಮ್ನೆ ಖಾಲಿ ಮಾತ್ರೆ ಕೊಟ್ಟು ಹೋಲಿಸುವ ಪ್ರಯೋಗದಲ್ಲಿ ಖಾಲಿ ಮಾತ್ರೆಯ ವಾರಗಳಲ್ಲೂ ಔಷಧಿ ಒಳಗೇ ಇರುತ್ತದೆ.

ಟೇಬಲ್‌ಗೆ ಎರಡು ಕಾಲಂ ಸೇರಿಸಿದೆ: 'ಹಳೆ ಮಾತ್ರೆಯ ಮಟ್ಟ ಅಳೆದರಾ?', 'ನಡುವೆ ಎಷ್ಟು ದಿನ ಬಿಟ್ಟರು?' ಮುಂದಿನ ವಾರ ಮೊದಲ ಸಾಲಿನಿಂದ ಮತ್ತೆ ತುಂಬಬೇಕು. ತಮ್ಮನ ಫಿಟ್ಸ್ ಡೈರಿಯ ಮೊದಲ ಪುಟದಲ್ಲೂ ಕೆಂಪು ಪೆನ್ನಲ್ಲಿ ಬರೆದಿಟ್ಟೆ: ವೆರಾಪಮಿಲ್ ಅಥವಾ ಅದೇ ಥರದ ಡಿಲ್ಟಿಯಾಜೆಮ್ ಯಾರೇ ಬರೆದುಕೊಟ್ಟರೂ, ಕಾರ್ಬಮಜಪಿನ್ ನಡೆಯುತ್ತಿದೆ ಅಂತ ಮೊದಲು ಹೇಳುವುದು.