ಒಂದ ತೋರ್ಸಾಕತ್ತೈತ್ರಿ, ಅಣ್ಣಾರ

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. ಮಾತು ಬೇರೆ ಯಾರದ್ದೂ ಅಲ್ಲ, ನನ್ನದೇ. "ಸುಮ್ನ ಕುಂದ್ರಲೇ, ಮಷಿನ್ ನಿನಗಿಂತ ಶಾಣ್ಯಾ ಐತಿ."

ಹೇಳಿದ್ದು ಏಳು ತಿಂಗಳ ಹಿಂದೆ, ನಮ್ಮ ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುವ ಗುಳೇದಗುಡ್ಡದ ಹುಡುಗನಿಗೆ. ಆ ದೊಡ್ಡ ಡಬ್ಬಿ ಆಗಷ್ಟೇ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದಿತ್ತು. ಯಾವುದೋ ಕಂಪನಿ ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್. ಒಳಗೆ ಎರಡು ಜಿಯಾನ್ ಪ್ರೊಸೆಸರ್, ತಲಾ 10 ಕೋರ್, ಅಂದರೆ ಒಂದೊಂದರೊಳಗೂ ಲೆಕ್ಕ ಮಾಡುವ ಹತ್ತು ಘಟಕ. ಬಾಗಲಕೋಟೆಯ ನವನಗರದಲ್ಲಿ ಯಾವ ಸ್ಟುಡಿಯೋದವರ ಹತ್ತಿರವೂ ಇಂಥದ್ದಿಲ್ಲ ಅಂತ ನಾನು ಸೆಕ್ಟರ್ ಸೆಕ್ಟರ್ ತಿರುಗಿ ಹೇಳಿ ಬಂದಿದ್ದೆ. ಹುಡುಗ ಸ್ಕ್ರೀನ್ ಮುಂದೆ ಕೂತು, ಸ್ವಲ್ಪ ಹೊತ್ತು ನೋಡಿ, "ಒಂದ ತೋರ್ಸಾಕತ್ತೈತ್ರಿ, ಅಣ್ಣಾರ" ಅಂದ. ನಾನು ಆ ಶಾಣ್ಯಾ ಮಾತು ಅಂದೆ. ಅವನು ಹೆಡ್‌ಫೋನ್ ಹಾಕಿಕೊಂಡ.

ಆಮೇಲೆ ಮದುವೆ ಸೀಸನ್ ಶುರುವಾಯಿತು. ಮೂರು ತಾಸಿನ ಮದುವೆ ವಿಡಿಯೋ ಎಕ್ಸ್‌ಪೋರ್ಟ್ ಆಗಲು ಐದು ತಾಸು. ಹಳೇ ಕಂಪ್ಯೂಟರ್‌ಗಿಂತ ಪರವಾಗಿಲ್ಲ, ಆದರೆ ಕೊಟ್ಟ ದುಡ್ಡಿಗೆ ತಕ್ಕ ವೇಗ ಇರಲಿಲ್ಲ. ನಾನು ಯಾರನ್ನು ಬೈದೆ ಅಂತ ಹೇಳಬೇಕಾ? ಇಳಕಲ್ಲಿನ ಬೀಗರೊಬ್ಬರು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು. ಅವರ ಮನೆಯ ಹೆಂಗಸರೆಲ್ಲ ಇಳಕಲ್ ಸೀರೆ ಉಟ್ಟಿದ್ದರು. ಅಕ್ಕಿಕಾಳು ಬೀಳುವ ಹೊತ್ತಿನ ಶಾಟ್‌ನಲ್ಲಿ ಸೆರಗಿನ ಕೆಂಪು ಒಡೆದು ಪಕ್ಕದವರ ಮೇಲೆಲ್ಲ ಹರಡಿದ ಹಾಗೆ ಕಾಣುತ್ತಿತ್ತು. ಹುಡುಗ ಅದನ್ನು ತಿದ್ದಿ ತಿದ್ದಿ ಮತ್ತೆ ಎಕ್ಸ್‌ಪೋರ್ಟ್‌ಗೆ ಹಾಕುತ್ತಿದ್ದ. "ನಿನ್ನ ಕೈಯಾಗ ಏನ್ ಕೊಟ್ರೂ ಸಾವಕಾಶ" ಅಂದಿದ್ದೆ. ಗಿರಾಕಿಗಳ ಮುಂದೆ.

ಈ ಮಂಗಳವಾರ ಅಕ್ಕನ ಮಗಳು ಬಂದಿದ್ದಳು. ವಿದ್ಯಾಗಿರಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ, ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಯಬೇಕಿತ್ತು. ನಾನು ಎಂದಿನಂತೆ ಡಬ್ಬಿಯ ವರ್ಣನೆ ಶುರು ಮಾಡಿದೆ. ಅವಳು ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಮೇಲೆ ಒತ್ತಿದಳು. "ಮಾಮಾ, ಎರಡು ಅದಾವ ಅಂದ್ಯಲ್ಲ? ಸಾಕೆಟ್ 1 ಐತಿ ನೋಡ." ಸಾಕೆಟ್ ಅಂದರೆ ಪ್ರೊಸೆಸರ್ ಚಿಪ್ ಕೂರುವ ಜಾಗ. ಕೆಳಗೆ ಲಾಜಿಕಲ್ ಪ್ರೊಸೆಸರ್ 20 ಅಂತಿತ್ತು. ಈ ಜಿಯಾನ್‌ನ ಒಂದೊಂದು ಕೋರೂ ಅಲ್ಲಿ ಎರಡಾಗಿ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ 40 ಇರಬೇಕಿತ್ತು.

ನಾನು ಅವಳಿಗೆ "ಶಾಣ್ಯಾ ಇದ್ದೀ ಬಿಡವ್ವಾ" ಅಂದೆ. ಅದೇ ಶಬ್ದ! ಬಾಯಿಂದ ಬಿದ್ದ ಮೇಲೆ ಹುಡುಗನ ಕಡೆ ನೋಡಿದೆ. ಅವನು ಕೀಬೋರ್ಡಿನ ಸಂದಿಯಲ್ಲಿ ಕೂತ ಧೂಳನ್ನು ಉಗುರಿನಿಂದ ತೆಗೆಯುತ್ತಿದ್ದ. ಒಂದು ಮಾತಾಡಲಿಲ್ಲ. ಒಂದು ಸಲ ಮುಖ ಎತ್ತಿ ನಕ್ಕಿದ್ದರೂ ನನಗೆ ಹಗುರಾಗುತ್ತಿತ್ತು.

ಸಂಗತಿ ಏನೆಂದರೆ, ಮಾರಿದ ಅಂಗಡಿಯವನು ಅದಕ್ಕೆ ವಿಂಡೋಸ್ ಹೋಮ್ ಹಾಕಿ ಕಳಿಸಿದ್ದ. ವಿಂಡೋಸ್ 10 ಇರಲಿ, 11 ಇರಲಿ, ಹೋಮ್ ಬಳಸುವುದು ಒಂದೇ ಸಾಕೆಟ್‌ನ ಪ್ರೊಸೆಸರನ್ನು. ಪ್ರೊ ಆದರೆ ಎರಡು. ವರ್ಕ್‌ಸ್ಟೇಷನ್‌ಗೆಂದೇ ಬರುವ ಪ್ರೊ ಆದರೆ ನಾಲ್ಕು. ಒಂದೇ ಚಿಪ್‌ನೊಳಗೆ ಎಷ್ಟೋ ಕೋರ್ ಇದ್ದರೆ ಹೋಮ್‌ಗೆ ತಕರಾರಿಲ್ಲ. ಚಿಪ್ಪೇ ಎರಡಿದ್ದರೆ ಮಾತ್ರ ಈ ಲೆಕ್ಕ. ಇದೇನು ಹೊಸದಲ್ಲ, 2001ರ ಎಕ್ಸ್‌ಪಿ ಕಾಲದಿಂದಲೂ ಹೋಮ್‌ಗೆ ಒಂದು, ಪ್ರೊಫೆಷನಲ್‌ಗೆ ಎರಡು. ಅದಕ್ಕೂ ಹಿಂದಿನ ವಿಂಡೋಸ್ 98ಕ್ಕಂತೂ ಎರಡನೆಯದು ಅಂತ ಒಂದಿರುತ್ತದೆ ಅನ್ನುವುದೇ ಗೊತ್ತಿರಲಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿದೆ. "ನೀವು ಕೇಳ್ಲಿಲ್ಲ ಸಾರ್" ಅಂದ. ಬೆಂಗಳೂರಿನ ಮಾತು ಎಷ್ಟು ನಯವಾಗಿರುತ್ತೆ ನೋಡಿ, ಬೈಯೋಕೂ ಜಾಗ ಸಿಗಲ್ಲ.

ಆದರೆ ಅವನ ಮೇಲೆ ಎಷ್ಟು ಹೊತ್ತು ಸಿಟ್ಟಾಗಲಿ? ಬೇಸಿಗೆಯಲ್ಲಿ ಧೂಳು ಊದಲು ಪಕ್ಕದ ಬಾಗಿಲು ತೆಗೆದವನು ನಾನೇ. ಎರಡು ಹೀಟ್‌ಸಿಂಕ್, ಎರಡು ಫ್ಯಾನ್ ಕಣ್ಣಾರೆ ನೋಡಿದ್ದೆ. ಎರಡನೆಯದರ ಫ್ಯಾನ್ ಏಳು ತಿಂಗಳು ತಿರುಗಿದೆ, ಕರೆಂಟ್ ತಿಂದಿದೆ, ಕೆಲಸ ಮಾತ್ರ ಯಾರೂ ಕೊಟ್ಟಿಲ್ಲ. ನಾನಂತೂ ಎರಡೂ ದುಡಿಯುತ್ತಿವೆ ಅಂತ ನಂಬಿ ಎದುರಿಗೆ ಕೂತವನನ್ನು ಬೈಯುತ್ತಿದ್ದೆ.

ಬುಧವಾರ ಪ್ರೊ ಕೀ ತಗೊಂಡೆ. ಎಂಟುನೂರು ರೂಪಾಯಿಗೆ ಕೊಡ್ತೀನಿ ಅಂತ ವಾಟ್ಸಾಪಿನಲ್ಲಿ ಒಬ್ಬ ಗಂಟು ಬಿದ್ದಿದ್ದ. ಬೇಡ ಅಂದೆ. ಒಂದು ಸಲ ಅಗ್ಗದ ರುಚಿ ನೋಡಿದ್ದು ಸಾಕು. ಹಾರ್ಡ್‌ಡಿಸ್ಕ್ ಒರೆಸಿ ಹೊಸದಾಗಿ ಹಾಕಬೇಕಾ ಅಂತ ಹೆದರಿದ್ದೆ, ಮೂರು ಮದುವೆ, ಒಂದು ಸೀಮಂತ ಅದರೊಳಗೇ ಇದ್ದವು. ಹಾಗೇನಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್‌ಗೆ ಹೋಗಿ ಕೀ ಬದಲಿಸಿದರೆ ಅದೇ ಅಪ್‌ಗ್ರೇಡ್ ಆಗುತ್ತದೆ, ಫೈಲುಗಳು ಇದ್ದಲ್ಲೇ ಇರುತ್ತವೆ. ಆದರೂ ಹುಡುಗ ಬ್ಯಾಕಪ್ ತೆಗೆಯದೆ ಮುಟ್ಟಲು ಬಿಡಲಿಲ್ಲ. ಈ ಸಲ ನಾನು ಬಾಯಿ ತೆರೆಯಲಿಲ್ಲ.

ಕಾಯುವಾಗ ಅಕ್ಕನ ಮಗಳು ಲಿನಕ್ಸ್ ಕಥೆ ಹೇಳಿದಳು, ಅದೂ ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ಅದರಲ್ಲಿ ಈ ಹೋಮ್, ಪ್ರೊ ತಂಟೆಯೇ ಇಲ್ಲವಂತೆ. ಆದರೆ ಅದಕ್ಕೂ ಎರಡು ಪ್ರೊಸೆಸರ್ ಸಂಭಾಳಿಸುವುದು ಸಲೀಸಾಗಿ ಬರಲಿಲ್ಲ. 1996ರಲ್ಲಿ ಅದರ 2.0 ಆವೃತ್ತಿ ಬಂದಾಗ ಒಂದಕ್ಕಿಂತ ಜಾಸ್ತಿ ಪ್ರೊಸೆಸರ್ ಬಳಸುವ ಸೌಲಭ್ಯ ಸಿಕ್ಕಿತು. ಆದರೆ ಅದರ ತಿರುಳಾದ ಕರ್ನಲ್‌ಗೆಲ್ಲ ಸೇರಿ ಒಂದೇ ದೊಡ್ಡ ಬೀಗ. ಒಂದು ಪ್ರೊಸೆಸರ್ ಕರ್ನಲ್ ಒಳಗೆ ಹೋಗಿ ಕೆಲಸ ಮಾಡುವಾಗ ಇನ್ನೊಂದು ಬಾಗಿಲಲ್ಲಿ ಕಾಯಬೇಕು. ಆ ಬೀಗವನ್ನು ಚೂರುಚೂರೇ ಒಡೆದು ಸಣ್ಣ ಸಣ್ಣ ಬೀಗ ಮಾಡುತ್ತಾ ಹೋಗಿ, ಪೂರ್ತಿ ಕಿತ್ತುಹಾಕಿದ್ದು 2011ರಲ್ಲಿ. ಹದಿನೈದು ವರ್ಷ!

ನನಗೆ ನಮ್ಮಜ್ಜಿ ನೆನಪಾದಳು. ಹಳೇ ಬಾಗಲಕೋಟೆಯ ಮನೆ, ಆಲಮಟ್ಟಿ ಹಿನ್ನೀರಿಗೆ ಹೋಯಿತಲ್ಲ, ಆ ಮನೆ. ಕಾಳಿನ ಕೋಣೆಯ ಕೀಲಿಕೈ ಯಾವಾಗಲೂ ಅವಳ ಸೊಂಟದಲ್ಲಿ. ಮನೆತುಂಬ ಸೊಸೆಯಂದಿರು, ಒಬ್ಬಳಿಗೆ ಜೋಳ ಬೇಕು, ಇನ್ನೊಬ್ಬಳಿಗೆ ಬೆಲ್ಲ ಬೇಕು, ಅಜ್ಜಿ ಪೂಜೆಗೆ ಕೂತರೆ ಎಲ್ಲರೂ ಕಾಯಬೇಕು. ಇದನ್ನು ನಗುತ್ತಾ ಹೇಳಿದೆ. ಹುಡುಗ ಮೆಲ್ಲಗೆ, "ಅಣ್ಣಾರ, ನಮ್ಮ ಪ್ರಾಜೆಕ್ಟ್ ಡ್ರೈವ್ ಪಾಸ್‌ವರ್ಡೂ ನಿಮ್ಮ ಕಡೇನ ಐತ್ರಿ" ಅಂದ. ಅಕ್ಕನ ಮಗಳು ಜೋರಾಗಿ ನಕ್ಕಳು. ನಾನು ಊಟಕ್ಕೆ ಹೋದರೆ ಸ್ಟುಡಿಯೋದ ಹುಡುಗರು ಕೈಕಟ್ಟಿ ಕೂರುತ್ತಾರೆ ಅನ್ನುವುದು ನನಗೆ ನಿಜವಾಗಿಯೂ ಹೊಳೆದಿರಲಿಲ್ಲ. ಸೋಮಾರಿಗಳು ಅಂದುಕೊಂಡಿದ್ದೆ.

ರೀಸ್ಟಾರ್ಟ್ ಆಯಿತು. ಸಾಕೆಟ್ 2. ಗ್ರಾಫ್‌ನಲ್ಲಿ ಪುಟ್ಟ ಪುಟ್ಟ ನಲವತ್ತು ಚೌಕ, ಎಕ್ಸ್‌ಪೋರ್ಟ್ ಶುರು ಮಾಡಿದ ಕೂಡಲೇ ಎಲ್ಲದರಲ್ಲೂ ನೀಲಿ ಗೆರೆ ಮೇಲೆದ್ದಿತು. ಹುಡುಗ ಸ್ಕ್ರೀನ್ ಮೇಲೆ ಬೆರಳಿಟ್ಟು ಎಣಿಸಿದ. ಐದು ತಾಸಿನ ಕೆಲಸ ಮೂರು ತಾಸು ಹತ್ತು ನಿಮಿಷಕ್ಕೆ ಇಳಿಯಿತು. ಅರ್ಧ ಆಗಬೇಕಿತ್ತಲ್ವಾ ಅಂತ ಕೇಳಿದೆ. ಆಗಲ್ಲವಂತೆ. ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ತಜ್ಞ 1967ರಲ್ಲೇ ಹೇಳಿಟ್ಟಿದ್ದಾನೆ: ಕೆಲಸದಲ್ಲಿ ಹಂಚಿಕೊಳ್ಳಲಾಗದ ಪಾಲು ನೂರಕ್ಕೆ ಹತ್ತು ಇದ್ದರೆ, ಎಷ್ಟೇ ಪ್ರೊಸೆಸರ್ ಹಾಕಿದರೂ ವೇಗ ಹತ್ತು ಪಟ್ಟು ದಾಟುವುದಿಲ್ಲ. ಹೋಳಿಗೆ ಲಟ್ಟಿಸಲು ಹತ್ತು ಜನ ಕೂರಬಹುದು, ಬೇಳೆ ಬೇಯುವ ಹೊತ್ತು ಬೇಳೆಯದ್ದೇ.

ಸಂಜೆ ಗಿರ್ಮಿಟ್, ಮಿರ್ಚಿ ತರಿಸಿದೆ. ಕ್ಷಮಿಸು ಅನ್ನೋದು ನನ್ನ ಬಾಯಿಗೆ ಬರಲ್ಲ, ಮಿರ್ಚಿ ಬರುತ್ತೆ. ತಿನ್ನುತ್ತಾ ಕೇಳಿದೆ, "ಏ ತಮ್ಮಾ, ಅವತ್ತ ಹೇಳಿದೆಲ್ಲ, ಆಮ್ಯಾಲ ಇನ್ನೊಂದ್ ಸಲ ಹೇಳಬೇಕಿಲ್ಲೇನು?"

ಅವನು ಉಳ್ಳಾಗಡ್ಡಿ ಚೂರನ್ನು ಪೇಪರಿನ ಅಂಚಿಗೆ ಸರಿಸಿದ. "ಹೇಳೀನ್ರಿ ಅಣ್ಣಾರ. ಮೂರು ಸಲ ಹೇಳೀನ್ರಿ."

ಬುಧವಾರದಿಂದ ನೆನಪು ಮಾಡಿಕೊಳ್ಳುತ್ತಲೇ ಇದ್ದೇನೆ. ನನಗೆ ಒಂದೇ ಸಿಗುತ್ತಿದೆ.