ನಾಯಿಗೆ ಏನು ಕೆಲಸ?

ಥ್ಯಾಂಕ್ಸ್‌ಗಿವಿಂಗ್ ಎಂಬ ಅಮೆರಿಕದ ಹಬ್ಬದ ದಿನ ನ್ಯೂಯಾರ್ಕ್ ಮೆರವಣಿಗೆ ಮುಗಿಯುತ್ತಿದ್ದಂತೆ ಎನ್‌ಬಿಸಿ ಟಿವಿಯಲ್ಲಿ ನಾಯಿಗಳು ಬರುತ್ತವೆ. ಫಿಲಡೆಲ್ಫಿಯಾ ಹತ್ತಿರದ ಓಕ್ಸ್‌ನಲ್ಲಿ ನಡೆಯುವ ನ್ಯಾಷನಲ್ ಡಾಗ್ ಶೋ. ಈ ಸಲ ಅದನ್ನು ನೋಡುತ್ತ ಕೂತಿದ್ದ ಪಕ್ಕದ ಮನೆಯ ಮಂಡ್ಯದವರ ಮಗಳು, ಇಲ್ಲೇ ಹುಟ್ಟಿದ ಎಂಟು ವರ್ಷದವಳು, ಕೇಳಿದಳು: "ಅಂಕಲ್, ನಿಮ್ಮೂರಲ್ಲಿ ನಾಯಿಗೆ ಏನು ಕೆಲಸ?"

ಈ ಪ್ರಸಾರ ಶುರುವಾದದ್ದು 2002ರಲ್ಲಿ, ಅದೂ ಒಂದು ಹಾಸ್ಯಚಿತ್ರದ ದೆಸೆಯಿಂದ. ಕ್ರಿಸ್ಟೋಫರ್ ಗೆಸ್ಟ್ ಅವರ ‘ಬೆಸ್ಟ್ ಇನ್ ಶೋ’ (2000) ನೋಡಿ ನಕ್ಕ ಎನ್‌ಬಿಸಿ ಅಧಿಕಾರಿಯೊಬ್ಬರಿಗೆ ಹಬ್ಬದ ಮಧ್ಯಾಹ್ನಕ್ಕೆ ಇದೇ ಸರಿ ಅನ್ನಿಸಿತಂತೆ. ಸಾಕ್ಷ್ಯಚಿತ್ರದ ವೇಷದ ಸಿನಿಮಾ ಅದು. ಮಾತುಗಳೆಲ್ಲ ಬಹುಪಾಲು ನಟರು ಆ ಕ್ಷಣಕ್ಕೆ ಕಟ್ಟಿದವು. ಸ್ಪರ್ಧೆ ಕಲ್ಪಿತ, ಊರು ಫಿಲಡೆಲ್ಫಿಯಾ.

ಅದರಲ್ಲಿ ವೈಮರನರ್ ತಳಿಯ ನಾಯಿ ಸಾಕಿದ ದಂಪತಿ ನಾಯಿಯ ಆಟಿಕೆ ಕಳೆದುಹೋಯಿತೆಂದು ಊರು ತಲೆಕೆಳಗು ಮಾಡುತ್ತಾರೆ. ಕೊನೆಗೆ ರಿಂಗಿನಲ್ಲಿ, ಅಂದರೆ ಸ್ಪರ್ಧೆಯ ಅಂಕಣದಲ್ಲಿ, ನಾಯಿಯೇ ಕೆರಳಿ ಸ್ಪರ್ಧೆಯಿಂದ ಹೊರಬೀಳುತ್ತದೆ. ನಗು ಬರುತ್ತದೆ, ಆದರೆ ಉತ್ಪ್ರೇಕ್ಷೆ ಕಡಿಮೆ. ನಾಯಿ ಓಡಿಸುವವರ ಕೈ ಬಿಗಿದರೆ ಬಾರು ಬಿಗಿಯುತ್ತದೆ, ಬಾರು ಬಿಗಿದರೆ ನಾಯಿಯ ಕತ್ತು ಮೇಲಕ್ಕೆಳೆದು ಮುಂಗಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಒಳ್ಳೆಯ ಭುಜವಿದ್ದ ನಾಯಿಯೂ ತೀರ್ಪುಗಾರರ ಕಣ್ಣಿಗೆ ಕುಂಟಿದಂತೆ ಕಾಣುತ್ತದೆ. ಗಂಟೆಗೆ ಸುಮಾರು 25 ನಾಯಿ ನೋಡಬೇಕು ಅವರು. ಒಂದಕ್ಕೆ ಎರಡೂವರೆ ನಿಮಿಷ ಸಿಗುವುದೂ ಕಷ್ಟ.

ಸಿನಿಮಾದಲ್ಲಿ ಕೊನೆಗೆ ಗೆಲ್ಲುವುದು ನಾರ್ವಿಚ್ ಟೆರಿಯರ್ ಎಂಬ ಪುಟ್ಟ ನಾಯಿ. ಅದನ್ನು ಸಾಕಿದ ದಂಪತಿಯಲ್ಲಿ ಹೆಂಡತಿಯ ಮೊಣಕಾಲಿಗೆ ಪೆಟ್ಟಾಗಿ, ಎರಡೂ ಎಡಪಾದವೇ ಇರುವ ಗಂಡ ಅದನ್ನು ಓಡಿಸಬೇಕಾಗುತ್ತದೆ. ತಮಾಷೆ ಎಲ್ಲಿ ಚುಚ್ಚುತ್ತದೆ ಗೊತ್ತೇ? ರಿಂಗಿನಲ್ಲಿ ಓಟವೇ ಪರೀಕ್ಷೆ. ನಾಯಿ ಓಡಿಸುವವರ ಎಡಕ್ಕೆ, ಅಂದರೆ ತೀರ್ಪುಗಾರರ ಕಡೆಗೆ. ಹೆಜ್ಜೆ ನಿಧಾನವಾದರೆ ನಾಯಿ ಒಂದೇ ಪಕ್ಕದ ಎರಡು ಕಾಲನ್ನು ಒಟ್ಟಿಗೆ ಎತ್ತಿಹಾಕಿ ತೂಗಾಡುತ್ತದೆ, ಜೋರಾದರೆ ನಾಗಾಲೋಟ. ಎರಡರ ನಡುವಿನ ದುಡುಕಿ ನಡಿಗೆ ಬೇಕು. ಹತ್ತು ಅಂಗುಲದ, ಐದೂವರೆ ಕಿಲೋ ನಾಯಿಗೆ ಮನುಷ್ಯನ ಬಿರುಸು ನಡಿಗೆ ಸಾಕು.

ಆ ಜಾತಿಗೆ ಕತ್ತರಿ ಮುಟ್ಟಿಸುವಂತಿಲ್ಲ. ಸತ್ತ ಒರಟು ಕೂದಲನ್ನು ಬೆರಳಲ್ಲೇ, ಬೆಳೆದ ದಿಕ್ಕಿಗೆ ಕಿತ್ತು ತೆಗೆಯಬೇಕು, ಅದೂ ಪ್ರದರ್ಶನಕ್ಕೆ ಎರಡು ಮೂರು ತಿಂಗಳು ಮುಂಚಿನಿಂದ. ಕತ್ತರಿಸಿದರೆ ಬೇರಿನ ಹತ್ತಿರದ ಮೆತ್ತನೆ ತುಂಡು ಉಳಿದು ಮೈ ಹತ್ತಿಯಾಗುತ್ತದೆ, ಬಣ್ಣ ಮಂಕಾಗುತ್ತದೆ. ಇನ್ನು ನಾಯಿಯ ಗಮನ ಹಿಡಿದಿಡಲು ಓಡಿಸುವವರ ಜೇಬಿನಲ್ಲಿ ಲಿವರ್: ಬೇಯಿಸಿ, ಚೂರು ಮಾಡಿ, ಸಣ್ಣ ಉರಿಯ ಓವನ್ನಿನಲ್ಲಿ ಒಣಗಿಸಿದ್ದು. ಒಣಗಿಸದಿದ್ದರೆ ಕೋಟಿನ ಜೇಬು ಹಾಳು. ಕೈ ಖಾಲಿಯಿರಲಿ ಎಂದು ಕೆಲವರು ಬಾಯಲ್ಲೇ ಕಚ್ಚಿಕೊಂಡಿರುತ್ತಾರೆ.

ಹುಡುಗಿಯ ಪ್ರಶ್ನೆ ಹುಟ್ಟಿದ್ದು ಪ್ರದರ್ಶನದಲ್ಲಿ ತಳಿಗಳನ್ನು ಹಂಚುವ ಗುಂಪುಗಳಿಂದ. ಅಮೆರಿಕನ್ ಕೆನಲ್ ಕ್ಲಬ್ಬಿನವು ಏಳು, ಹೆಚ್ಚಿನವು ಕಸುಬಿನ ಹೆಸರಿನವು: ಕುರಿ ಕಾಯುವವು, ಬೇಟೆಯವು, ಬಿಲ ತೋಡುವವು, ಕಾವಲಿನಂಥ ಕೆಲಸದ ‘ವರ್ಕಿಂಗ್’. ನಾನ್-ಸ್ಪೋರ್ಟಿಂಗ್ ಅಂತೊಂದಿದೆ, ನಮ್ಮ ಅರ್ಜಿಗಳ ‘ಇತರೆ’ ಕಾಲಂ ಹಾಗೆ. ನೀರಿಗೆ ಹಾರಿ ಬಾತುಕೋಳಿ ತರುತ್ತಿದ್ದ ದೊಡ್ಡ ಪೂಡಲ್ ಈಗ ಅಲ್ಲಿ ಕೂತಿದೆ.

ನಮ್ಮ ಮುಧೋಳ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಬಂದಿದ್ದರೆ ಹೌಂಡ್ ಗುಂಪಿನಲ್ಲಿ ಗ್ರೇಹೌಂಡ್ ಪಕ್ಕ ನಿಲ್ಲುತ್ತಿತ್ತು: ಕಣ್ಣಲ್ಲಿ ಕಂಡದ್ದನ್ನು ಅಟ್ಟಿಸಿ ಹಿಡಿಯುವ ನಾಯಿ, ಉದ್ದ ಮೂತಿ, ಆಳದ ಎದೆ, ಒಳಸೇರಿದ ಹೊಟ್ಟೆ. 2005ರಲ್ಲಿ ಅಂಚೆಚೀಟಿ ಆಯಿತು, ಆಮೇಲೆ ಸೇನೆಗೂ ಹೋಯಿತು. ಹೆಸರು ಬಂದ ಮೇಲೆ ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿಗೂ ಬಂತು. ಬಯಲಲ್ಲಿ ಮೊಲದ ಹಿಂದೆ ಓಡಬೇಕಾದದ್ದಕ್ಕೆ ಬೆಳಿಗ್ಗೆ ಹತ್ತು ನಿಮಿಷದ ವಾಕಿಂಗ್, ಆಮೇಲೆ ಬಾಲ್ಕನಿ. ಸೋಫಾ ಹರಿಯುತ್ತದೆ. ಮಾಲೀಕರು ನಾಯಿಗೆ ಬುದ್ಧಿ ಇಲ್ಲ ಅನ್ನುತ್ತಾರೆ.

ಅವಳಿಗೆ ಕೊಟ್ಟ ಉತ್ತರ ಮಾತ್ರ ಬೀದಿ ನಾಯಿಯದು: ರಾತ್ರಿಯೆಲ್ಲ ಗಲ್ಲಿ ಕಾಯುತ್ತೆ, ಸಂಬಳ ಮಿಕ್ಕ ಮುದ್ದೆ.

"ಹಾಗಾದರೆ ವರ್ಕಿಂಗ್ ಗ್ರೂಪ್," ಅಂದಳು. ಟಿವಿಯಲ್ಲಿ ಅಷ್ಟರಲ್ಲಿ ಟೆರಿಯರ್‌ಗಳು ಸಾಲಾಗಿ ಬರತೊಡಗಿದ್ದವು.