ಬೆನ್ನಿಗೆ ಆರು ಕ್ಲಿಪ್ಪು

ಕ್ಯಾಮೆರಾ ಬ್ಯಾಗಿನ ಹೊರಜೇಬಿನಲ್ಲಿ ಒಂದು ಡಜನ್ ಬಟ್ಟೆ ಕ್ಲಿಪ್ಪು ಇಟ್ಟುಕೊಳ್ಳದೆ ನಾನು ಮನೆಯಿಂದ ಹೊರಡುವುದಿಲ್ಲ. ಸೀರೆ ಒಣಹಾಕಿದಾಗ ಗಾಳಿಗೆ ಹಾರದಿರಲೆಂದು ಹಗ್ಗಕ್ಕೆ ಹಚ್ಚುತ್ತೇವಲ್ಲ, ಅಂಥವೇ. ಸೂಪರ್ ಮಾರ್ಕೆಟ್‌ನಲ್ಲಿ ಕೊಂಡದ್ದು. (ಕಲಬುರಗಿ ನೋಡದವರಿಗೆ ಹೇಳಬೇಕು: ನಮ್ಮಲ್ಲಿ ಸೂಪರ್ ಮಾರ್ಕೆಟ್ ಅಂದರೆ ಟ್ರಾಲಿ ತಳ್ಳಿಕೊಂಡು ಹೋಗುವ ಎಸಿ ಅಂಗಡಿಯಲ್ಲ, ಇಡೀ ಒಂದು ಪೇಟೆ.)

ಬಟ್ಟೆ ಅಂಗಡಿಯವರು ಶೂಟ್‌ಗೆ ಕಳಿಸುವುದು ಕೈಗೆ ಸಿಕ್ಕ ಅಳತೆ. ಹಾಕಿಕೊಂಡು ನಿಲ್ಲುವ ಹುಡುಗಿ ನಲವತ್ತೈದು ಕಿಲೋ. ಕುರ್ತಾ ಅವಳ ಮೈಮೇಲೆ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತದೆ. ಆಗ ನಾನು ಹಿಂದೆ ಹೋಗಿ, ಹೆಚ್ಚಾದ ಬಟ್ಟೆಯನ್ನೆಲ್ಲ ಬೆನ್ನ ನಡುವೆ ಮಡಿಚಿ ಹಿಡಿದು ಸಾಲಾಗಿ ಕ್ಲಿಪ್ಪು ಹಚ್ಚುತ್ತೇನೆ. ಮುಂದಿನಿಂದ ನೋಡಿದರೆ ದರ್ಜಿ ಅಳತೆ ತಗೊಂಡು ಹೊಲಿದ ಹಾಗೆ, ಹಿಂದಿನಿಂದ ನೋಡಿದರೆ ಮುಳ್ಳುಹಂದಿ. "ಅಕ್ಕಾ, ಹಿಂದಿಂದು ಮಾತ್ರ ತೆಗಿಬ್ಯಾಡ, ಮರ್ಯಾದಿ ಹೋಗ್ತದ" ಅಂತ ಹುಡುಗಿಯರು ನಗುತ್ತಾರೆ. ದೊಡ್ಡ ಊರುಗಳ ದೊಡ್ಡ ಸ್ಟುಡಿಯೋಗಳಲ್ಲೂ ನಡೆಯುವುದು ಇದೇ ಕೆಲಸ. ಅಲ್ಲಿ ಕ್ಲಿಪ್ಪು ಸ್ವಲ್ಪ ದುಬಾರಿ, ಅಷ್ಟೆ.

ಇದು ಹೊಸ ಕಾಲದ ಮೋಸ ಅಂದುಕೊಂಡಿದ್ದೆ. ನಮ್ಮ ಪಡಸಾಲೆಯಲ್ಲಿ ಮುತ್ಯಾನ ಒಂದು ಫೋಟೋ ಇದೆ, ಅವನು ಬದುಕಿನಲ್ಲಿ ತೆಗೆಸಿಕೊಂಡ ಒಂದೇ ಫೋಟೋ. ಕೆಳಗೆ ಧೋತರ, ತಲೆಗೆ ಗಾಂಧಿ ಟೋಪಿ, ನಡುವೆ ಒಂದು ಕರಿ ಕೋಟು. ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಮೆಟ್ಟಿಲು, ಮೆಟ್ಟಿಲ ಮೇಲೆ ಹೂಕುಂಡ. ತೊಗರಿ ಹೊಲದ ಮನುಷ್ಯನಿಗೆ ಕೋಟು ಎಲ್ಲಿಂದ ಬಂತು ಅಂತ ಒಮ್ಮೆ ಅವ್ವನನ್ನು ಕೇಳಿದೆ. "ಕೋಟು ಸ್ಟುಡಿಯೋದಾಂವಂದು. ಗೂಟಕ್ಕ ಹಾಕಿ ಇಟ್ಟಿರ್ತಿದ್ದ, ಬಂದ ಮಂದಿಗೆಲ್ಲ ಅದೇ ಕೋಟು. ನಿಮ್ಮ ಮುತ್ಯಾಗ ದೊಡ್ಡದಾಯ್ತಂತ ಹಿಂದ ಪಿನ್ನ ಚುಚ್ಚಿದ್ನಂತ" ಅಂದಳು. ಆಮೇಲೆ ಆ ಫೋಟೋ ನೋಡಿದಾಗಲೆಲ್ಲ ನನಗೆ ಮುತ್ಯಾನ ಮುಖಕ್ಕಿಂತ ಮೊದಲು ಕಾಣದಿರುವ ಆ ಪಿನ್ನು ಕಾಣುತ್ತದೆ. ಉಸಿರು ಬಿಗಿಹಿಡಿದು ನಿಂತಿದ್ದಾನೆ. ಚುಚ್ಚಿತ್ತೋ ಏನೋ.

ನಾನು ಫ್ಯಾಷನ್ ಫೋಟೋಗ್ರಾಫರ್ ಅಂದರೆ ಈ ಊರಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. "ಮದಿವಿ ಫೋಟೋ ತೆಗಿತೀರೇನ್ರಿ?" ಅನ್ನುತ್ತಾರೆ. ತೆಗೆಯುತ್ತೇನೆ. ಹೊಟ್ಟೆ ನಡೆಯುವುದು ಅದರಿಂದಲೇ. ವರನ ಕಡೆಯವರಿಗೆ ಕಳಿಸುವ ಬಯೋಡಾಟಾ ಫೋಟೋ ತೆಗೆಯುತ್ತೇನೆ, ಅದೇ ನಮ್ಮ ಕಡೆಯ ಮೊದಲ ಫ್ಯಾಷನ್ ಫೋಟೋ ಅಂತ ನನ್ನ ನಂಬಿಕೆ. ನಡುವೆ ಸೀರೆ ಅಂಗಡಿ, ಬುಟಿಕ್, ಆಭರಣದವರ ಕೆಲಸ. ಗಂಡಸರ ಸ್ಟುಡಿಯೋಗಳು ಬೀದಿಗೊಂದು ಇದ್ದರೂ ನನ್ನ ಬಳಿ ಬರುವ ಕಾರಣ ಒಂದೇ. "ಮೇಡಂ ತೆಗಿತಾರಂದ್ರ ಹೋಗವ್ವ" ಅಂತ ಅಪ್ಪಂದಿರು ಮಗಳನ್ನು ಬಿಡುತ್ತಾರೆ. ಈ ಉಪಾಯ ನನಗಿಂತ ನೂರು ವರ್ಷಕ್ಕೂ ಮೊದಲು ಹೈದರಾಬಾದಿನಲ್ಲಿ ಹೊಳೆದಿತ್ತು. 1948ರವರೆಗೆ ನಮ್ಮ ಕಲಬುರಗಿ, ಬೀದರಗಳೂ ನಿಜಾಮರ ಸಂಸ್ಥಾನದಲ್ಲೇ ಇದ್ದವಲ್ಲ. ಆರನೇ ನಿಜಾಮರಿಗೆ ಫೋಟೋ ತೆಗೆಯುತ್ತಿದ್ದ ರಾಜಾ ದೀನ್ ದಯಾಳ್ 1892ರಲ್ಲಿ ಅಲ್ಲಿ ಜನಾನಾ ಸ್ಟುಡಿಯೋ ತೆರೆದರು. ಪರದೆಯ ಹೆಣ್ಣುಮಕ್ಕಳಿಗಾಗಿ ಬೇರೆ ಜಾಗ, ಅದರ ಉಸ್ತುವಾರಿ ಒಬ್ಬ ಇಂಗ್ಲಿಷ್ ಹೆಣ್ಣುಮಗಳದು. ಜರಿ, ಮುತ್ತು, ದುಪಟ್ಟಾ ಎಲ್ಲ ತೊಟ್ಟು ಕೂತ ಆ ಬೇಗಂಗಳಿಗೂ ಹಿಂದೆ ಯಾರಾದರೂ ಪಿನ್ನು ಚುಚ್ಚಿದ್ದರೇ ಅಂತ ಯೋಚಿಸುತ್ತೇನೆ.

ಇನ್ನು ಬೆಳಕಿನ ಮಾತು. ಶುರುವಿನಲ್ಲಿ ಯೂಟ್ಯೂಬ್ ನೋಡಿ ಕಲಿತವಳು ನಾನು. ಅಲ್ಲಿನವರು ಹೇಳುವ ಮೆತ್ತನೆಯ ಬೆಳಕು, ಮೋಡದ ದಿನ, ಎಲೆಯ ನಡುವೆ ಸೋಸಿ ಬರುವ ಬಿಸಿಲು ಇಲ್ಲೆಲ್ಲಿ? ಮೇ ಎರಡನೇ ವಾರದಲ್ಲಿ ನಮ್ಮ ಸೂರ್ಯ ಮಧ್ಯಾಹ್ನ ನೆತ್ತಿಗೆ ನೇರ ಬರುತ್ತಾನೆ, ನೆರಳು ಕಾಲಡಿಗೆ ಸೇರಿಬಿಡುತ್ತದೆ. ಆ ಹೊತ್ತಿನಲ್ಲಿ ಯಾರನ್ನು ನಿಲ್ಲಿಸಿದರೂ ಕಣ್ಣಿನ ಗುಳಿಗಳು ಎರಡು ಕರಿ ತೂತು. ಮುಖದಡಿಗೆ ಥರ್ಮಾಕೋಲ್ ಹಾಳೆ ಹಿಡಿದು ನೋಡಿದೆ. ಬೆಳಕೇನೋ ಬಂತು, ಹುಡುಗಿಗೆ ಕಣ್ಣು ತೆರೆಯಲಾಗಲಿಲ್ಲ.

ಪರಿಹಾರ ಸಿಕ್ಕಿದ್ದು ನಮ್ಮ ಓಣಿಯ ಒಂದು ಹಳೇ ಮನೆಯ ಅಂಗಳದಲ್ಲಿ. ಆ ಮನೆಯ ಬಿ.ಕಾಂ ಓದುವ ಹುಡುಗಿಯೇ ನನ್ನ ಕಾಯಂ ಮಾಡೆಲ್. ಅಂಗಳಕ್ಕೆ ಶಹಾಬಾದಿನ ಪರ್ಸಿ ಹಾಸಿದ್ದಾರೆ. ಅರ್ಧ ಕಲಬುರಗಿಯೇ ಆ ಕಲ್ಲಿನ ಮೇಲೆ ನಡೆದಾಡುತ್ತದೆ, ಯಾರೂ ಅದನ್ನು ನೋಡುವುದಿಲ್ಲ. ಬೂದಿ ಬಣ್ಣದ ನುಣುಪು ಕಲ್ಲು. ಬಿಸಿಲು ಅಂಗಳದ ನಡುವೆ ಬಿದ್ದಾಗ ಹುಡುಗಿಯನ್ನು ಪಡಸಾಲೆಯ ಕಂಬದ ನೆರಳಿನಲ್ಲಿ ನಿಲ್ಲಿಸಿದರೆ ಸಾಕು. ಕಲ್ಲಿಗೆ ಬಡಿದ ಬಿಸಿಲು ತಣ್ಣಗಾಗಿ ಕೆಳಗಿನಿಂದ ಮುಖಕ್ಕೆ ಏರುತ್ತದೆ. ಗದ್ದದ ಕೆಳಗಿನ ಕತ್ತಲು ಹೋಗುತ್ತದೆ, ಕಣ್ಣಿನಲ್ಲಿ ಒಂದು ಬಿಳಿ ಚೌಕ ಹೊಳೆಯುತ್ತದೆ, ಮತ್ತೆ ಬೂದಿ ಕಲ್ಲಾದ್ದರಿಂದ ಚರ್ಮಕ್ಕೆ ಬೇರೆ ಬಣ್ಣ ಹತ್ತುವುದಿಲ್ಲ. ಐವತ್ತು ಎಂಎಂ ಲೆನ್ಸ್ ಹಾಕಿಕೊಂಡು ಅಂಗಳದ ಆಚೆ ತುದಿಗೆ ನಾನು ಸುಡುವ ಕಲ್ಲಿನ ಮೇಲೆ ಮಂಡಿಯೂರುತ್ತೇನೆ. ಮಂಡಿಗೆ ಗೋಣಿಚೀಲ ಬೇಕು. ಈ ಸಲಕರಣೆ ಯಾವ ಯೂಟ್ಯೂಬಿನವನೂ ಹೇಳಿಕೊಟ್ಟಿಲ್ಲ.

ಬಣ್ಣ ಹತ್ತುವ ಮಾತು ಬಂತು, ಅದರ ಕಥೆ ಬೀದರದ್ದು. ಬಿದರಿ ಕಿವಿಯೋಲೆ ಮಾರುವವರೊಬ್ಬರಿಗೆ ಫೋಟೋ ಬೇಕಿತ್ತು. ಬೆಳಗಿನ ಬಿಸಿಲಿಗೆ ಕೋಟೆಗೋಡೆಯ ಬಳಿ ನಿಲ್ಲಿಸಿದೆ. ಕೆಂಪು ಜಂಬಿಟ್ಟಿಗೆ ಗೋಡೆ ಕಣ್ಣಿಗೆ ಛಂದ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಹುಡುಗಿಯ ಎಡಗೆನ್ನೆ ಪೂರ್ತಿ ಅರಿಷಿಣ ಕುಂಕುಮ ಕಲಸಿ ಬಳಿದ ಬಣ್ಣ. ಗೋಡೆ ತನ್ನ ಕೆಂಪನ್ನು ಅವಳಿಗೆ ಹಚ್ಚಿ ಕಳಿಸಿತ್ತು. ಅದನ್ನು ಹೇಗೋ ಸರಿಮಾಡಿದೆ. ಆದರೆ ಮುಂದಿನದು ಸರಿಯಾಗಲಿಲ್ಲ. ಹುಡುಗಿ ಕಪ್ಪು, ಒಳ್ಳೇ ಹೊಳಪಿನ ಕಪ್ಪು. ಬಿದರಿಯೂ ಕಪ್ಪೇ. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯೊಳಗಿನ ಹಳೇ ಮಣ್ಣು ಬೆರೆಸಿದ ಬಿಸಿ ದ್ರಾವಣದಲ್ಲಿ ಅದನ್ನು ಕಪ್ಪಾಗಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಆಗುವುದಿಲ್ಲ. ಆ ಕೆನ್ನೆಯ ಪಕ್ಕ ಆ ಓಲೆ ಹೇಗಿತ್ತೆಂದರೆ, ಎರಡನ್ನೂ ಒಬ್ಬನೇ ಕುಶಲಕರ್ಮಿ ಮಾಡಿದಂತಿತ್ತು. ಕಳಿಸಿದೆ. ಉತ್ತರ ಬಂತು: "ಮೇಡಂ ಮುಖ ಸ್ವಲ್ಪ ಬೆಳ್ಳಗ ಮಾಡ್ರಿ." ಮಾಡಲ್ಲ ಅಂದೆ. ಅವರೇ ಮೊಬೈಲಿನಲ್ಲಿ ಮಾಡಿಕೊಂಡರು. ಹುಡುಗಿ ಸುಣ್ಣದ ಗೊಂಬೆಯಾದಳು, ಜೊತೆಗೆ ಬಿದರಿಯೂ ಬಿಳಿಚಿ ಅಲ್ಯುಮಿನಿಯಂ ಪಾತ್ರೆಯ ಬಣ್ಣಕ್ಕೆ ಬಂತು. ಮಾರುವ ಸರಕನ್ನೇ ಅಳಿಸಿಹಾಕಿದ್ದರು, ಅದು ಅವರಿಗೆ ಕಾಣಲೇ ಇಲ್ಲ. ಅರ್ಧ ದುಡ್ಡು ಇನ್ನೂ ಬಾಕಿಯಿದೆ.

ಇಳಕಲ್ ಸೀರೆಯ ಕಾಟವೇ ಬೇರೆ. ಅದರ ಸಣ್ಣ ಚೌಕಡಿ ಕ್ಯಾಮೆರಾದ ಕಣ್ಣಿಗೆ ಸಿಕ್ಕರೆ ಸೀರೆಯ ಮೇಲೆ ನೀರಿನ ಅಲೆ ಎದ್ದ ಹಾಗೆ ಗೆರೆಗಳು ಓಡುತ್ತವೆ. ಒಂದು ಹೆಜ್ಜೆ ಹಿಂದೆ ಮುಂದೆ ಸರಿದರೆ ಹೋಗುತ್ತವೆ, ಸ್ಥಳದಲ್ಲೇ ದೊಡ್ಡದು ಮಾಡಿ ನೋಡಿಕೊಳ್ಳಬೇಕು, ಅಷ್ಟೆ. ಸೆರಗಿನ ಕೆಂಪು ಮಾತ್ರ ಹಟಮಾರಿ. ಕ್ಯಾಮೆರಾ ಮುಖಕ್ಕೆ ಬೆಳಕು ಲೆಕ್ಕಹಾಕುವಷ್ಟರಲ್ಲಿ ಕೆಂಪು ತುಂಬಿ ಹೊರಗೆ ಚೆಲ್ಲಿರುತ್ತದೆ. ಟೋಪ್ ತೆನಿ ಅನ್ನುವ ಸೆರಗಿನ ವಿನ್ಯಾಸದ ಬಿಳಿ ಗೋಪುರಗಳೇನೋ ನಿಲ್ಲುತ್ತವೆ, ಸುತ್ತಲಿನ ರೇಷ್ಮೆಯ ಎಳೆ ಒಂದೂ ಉಳಿಯದೆ ಬರೀ ಆಯಿಲ್ ಪೇಂಟ್ ಬಳಿದ ಗೋಡೆಯಾಗುತ್ತದೆ. ನಾನು ಬೇಕೆಂದೇ ಸ್ವಲ್ಪ ಕತ್ತಲಾಗಿ ತೆಗೆದು ಆಮೇಲೆ ಮುಖವನ್ನು ಮೇಲೆತ್ತುತ್ತೇನೆ. ಇದನ್ನು ಕಲಿಯುವ ಮೊದಲು ಒಂದು ಅಂಗಡಿಗೆ ತೆಗೆದ ಫೋಟೋ ನೋಡಿ ಸೀರೆ ತರಿಸಿಕೊಂಡವರು, ಬಣ್ಣ ಬೇರೆಯಿದೆ ಅಂತ ಮೂರು ಸೀರೆ ವಾಪಸ್ ಕಳಿಸಿದರು. ತಪ್ಪು ನನ್ನದೇ.

ಇಷ್ಟೆಲ್ಲ ಕಲಿತ ಮೇಲೂ ಒಂದು ಕಸಿವಿಸಿ ಉಳಿದಿತ್ತು. ಬೆಳಕು ಸರಿ, ಬಣ್ಣ ಸರಿ, ಆದರೂ ಫೋಟೋದಲ್ಲಿ ಇರುವುದು ಅಂಗಡಿಯ ಸೀರೆ, ಅದರೊಳಗೆ ನಿಂತ ಒಬ್ಬ ಹುಡುಗಿ. ಹೆಗಲಿಗೆ ಎರಡು ಸೇಫ್ಟಿ ಪಿನ್ನು, ನೆರಿಗೆಗೊಂದು, ಬೆನ್ನಿಗೆ ಕ್ಲಿಪ್ಪು. ಅಲ್ಲಾಡಬೇಡ ಅಂದರೆ ಅಲ್ಲಾಡುವುದಿಲ್ಲ. ಉಟ್ಟುಕೊಂಡವಳು ಅಲ್ಲಾಡದ ಬಟ್ಟೆಯಲ್ಲಿ ಸ್ಟೈಲ್ ಎಲ್ಲಿಂದ ಬರಬೇಕು?

ಅದೇ ಅಂಗಳದ ಮೂಲೆಯಲ್ಲಿ ನನ್ನ ಮಾಡೆಲ್‌ಳ ಆಯಿ ರೊಟ್ಟಿ ಬಡಿಯುತ್ತಾರೆ. ಖಾನಾವಳಿಗೆ ಕೊಡುವ ಖಡಕ್ ರೊಟ್ಟಿ. ಮಾಸಿದ ಇಳಕಲ್, ಒಂದು ಕಾಲಕ್ಕೆ ಗಿಳಿ ಹಸಿರು ಇದ್ದಿರಬೇಕು. ಮುಂದೆ ಗಂಟು ಹಾಕುವ ಖಣದ ಕುಪ್ಪಸ, ತೋಳಿನ ಅಂಚು ಮೈಗೆ ಅಂಟಿಕೊಂಡಿರುತ್ತದೆ, ಅದರ ಕೆಳಗೆ ಮೊಣಕೈವರೆಗೂ ಜೋಳದ ಹಿಟ್ಟು. ತಲೆಯ ಮೇಲೆ ಸೆರಗು. ಎರಡೂ ಕೈ ರೊಟ್ಟಿಯ ಮೇಲೆ, ಮೈ ಮುಂದಕ್ಕೂ ಹಿಂದಕ್ಕೂ ತೂಗುತ್ತಿದೆ, ಒಲೆಯ ಗಾಳಿ ಬೇರೆ, ಆದರೂ ಆ ಸೆರಗು ಜಾರುವುದಿಲ್ಲ. ಒಂದು ದಿನ ಪೂರ್ತಿ ಕಾದು ನೋಡಿದೆ. ಎಲ್ಲೂ ಪಿನ್ನಿಲ್ಲ. ಜಾರುವ ಹೊತ್ತಿಗೆ ಸರಿಯಾಗಿ ಕತ್ತು ಒಂದಿಷ್ಟು ಹೊರಳುತ್ತದೆ, ಸೆರಗು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಇದೇ, ಇದನ್ನೇ ನಾನು ಇಷ್ಟು ದಿನ ಹುಡುಕುತ್ತಿದ್ದೆ ಅನಿಸಿತು. ಕೇಳದೆಯೇ ನಾಲ್ಕು ಕ್ಲಿಕ್ ಮಾಡಿದೆ.

ತೆಗೆಯುವಾಗ ತಲೆಯಲ್ಲಿ ಇದ್ದದ್ದು ಇರ್ವಿಂಗ್ ಪೆನ್. ವೋಗ್ ಪತ್ರಿಕೆಗೆ ಫ್ಯಾಷನ್ ಫೋಟೋ ತೆಗೆಯುತ್ತಿದ್ದ ಅಮೆರಿಕದ ಈ ಮನುಷ್ಯ 1948ರಲ್ಲಿ ಪತ್ರಿಕೆಯ ಕೆಲಸಕ್ಕೆ ಪೆರು ದೇಶಕ್ಕೆ ಹೋದವನು, ಕೆಲಸ ಮುಗಿದ ಮೇಲೆ ಡಿಸೆಂಬರಿನಲ್ಲಿ ಅಲ್ಲಿನ ಕುಸ್ಕೋ ಊರಿಗೆ ಹೋಗಿ ಒಂದು ಹಳೇ ಸ್ಟುಡಿಯೋ ಬಾಡಿಗೆಗೆ ಹಿಡಿದ. ಹಗಲ ಬೆಳಕಿನ ಸ್ಟುಡಿಯೋ, ಕಲ್ಲಿನ ನೆಲ, ಬಣ್ಣ ಬಳಿದ ಒಂದು ಪರದೆ. ನಮ್ಮ ಅಂಗಳ, ಮುತ್ಯಾನ ಮೆಟ್ಟಿಲು ಪರದೆ, ಎರಡೂ ಕೂಡಿದ ಹಾಗೆ. ಕ್ರಿಸ್‌ಮಸ್‌ಗೆ ಫೋಟೋ ತೆಗೆಸಿಕೊಳ್ಳಲು ಬಂದ ಬೆಟ್ಟದ ಜನರಿಗೆ ಆಶ್ಚರ್ಯವೆಂದರೆ, ಈ ಫೋಟೋಗ್ರಾಫರ್ ತಾನೇ ಅವರಿಗೆ ದುಡ್ಡು ಕೊಟ್ಟ. ಅವರು ಬಂದ ಬಟ್ಟೆಯಲ್ಲೇ ನಿಂತರು, ಅವನು ಗೌನುಗಳಿಗೆ ಕೊಡುವ ಮರ್ಯಾದೆಯನ್ನೇ ಆ ಕಂಬಳಿಗಳಿಗೆ ಕೊಟ್ಟ.

ಹಾಗಾಗಿ ನಾನೂ ಐನೂರರ ನೋಟು ತೆಗೆದು ಆಯಿಯ ಮುಂದೆ ಹಿಡಿದೆ.

"ಯಾಕವ್ವ?"

"ಫೋಟೋ ತೆಗೆದೆನಲ್ಲ ಆಯಿ, ಅದಕ್ಕ."

"ತೆಗಿಸ್ಕೊಂಡೋರು ರೊಕ್ಕ ಕೊಡ್ತಾರೋ, ತೆಗದೋರು ಕೊಡ್ತಾರೋ? ನೀ ಹೀಂಗ ಅಂಗಡಿ ನಡಸಿದ್ರ ಬಾಗಲಾ ಹಾಕ್ತಿ ನೋಡು." ಅಷ್ಟಂದು, ನೋಟು ಮಡಚಿ ಸೊಂಟದ ಸಂಚಿಯೊಳಗೆ ಇಟ್ಟುಕೊಂಡರು. ಆಮೇಲೆ ಕೈ ಒರೆಸಿಕೊಂಡು, "ತೋರ್ಸು" ಅಂದರು.

ಕ್ಯಾಮೆರಾದ ಹಿಂದಿನ ಸ್ಕ್ರೀನು ತೋರಿಸಿದೆ. ನನಗೆ ಆ ವರ್ಷದ ಅತಿ ಒಳ್ಳೆಯ ಫೋಟೋ ಅದು. ಆಯಿ ಕಣ್ಣು ಕಿರಿದು ಮಾಡಿ ನೋಡಿದರು, ಮುಖ ಸಣ್ಣದಾಯಿತು.

"ಇದೇನು, ಹಿಟ್ಟಿನ ಕೈ, ಹೊಲಸು ಸೀರಿ. ನಮ್ಮ ಬೀಗರು ನೋಡಿದ್ರ ಏನಂತಾರ? ತಡಿ, ಬಂದೆ."

ಒಳಗೆ ಹೋದವರು ಇಪ್ಪತ್ತು ನಿಮಿಷ ಬರಲಿಲ್ಲ. ಬಂದಾಗ ಗುರುತು ಸಿಗಲಿಲ್ಲ. ಸೊಸೆಯ ನೆಟ್ ಸೀರೆ, ಅಂಚಿನ ತುಂಬ ಕಲ್ಲು, ಗುಲಾಬಿ ಬಣ್ಣ. ಮುಖಕ್ಕೆ ಪೌಡರ್. ಮಗನ ವಾಚು. ಸೊಸೆ ಗಟ್ಟಿಮುಟ್ಟು ಹೆಂಗಸು, ಆಕೆಯ ಝಂಪರ್ ಆಯಿಯ ಮೈಮೇಲೆ ಚೀಲದಂತೆ ನೇತಾಡುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಯನ್ನು ಮೊಮ್ಮಗಳ ಕೈಲಿ ತರಿಸಿ, ನಾನು ಮಾಡೆಲ್‌ಗಳನ್ನು ನಿಲ್ಲಿಸುವ ಕಂಬದ ಪಕ್ಕಕ್ಕೇ ಹಾಕಿಸಿದರು. ಬೆಳಕು ಎಲ್ಲಿ ಒಳ್ಳೆಯದು ಅನ್ನುವುದನ್ನೂ ನೋಡಿಟ್ಟುಕೊಂಡಿದ್ದರು! ಕೂರುವ ಮೊದಲು ನನಗೆ ಬೆನ್ನು ತಿರುಗಿಸಿ ನಿಂತರು.

"ನಿನ್ನ ಬಲ್ಲಿ ಕ್ಲಿಪ್ ಇರ್ತಾವಂತ, ಈಕಿ ಹೇಳ್ಯಾಳ. ಹಚ್ಚು."

ಆರು ಹಿಡಿದವು. "ಬಿಗಿ ಆಯ್ತೇನ್ ಆಯಿ?" ಅಂದೆ. "ಆಗ್ಲಿ ಬಿಡು" ಅಂದವರು ಉಸಿರು ಹಿಡಿದು, ಗದ್ದ ಎತ್ತಿ, ವಾಚು ಕಾಣುವ ಹಾಗೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಅದನ್ನೇ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿ ಕೊಟ್ಟಿದ್ದೇನೆ, ಅವರ ಪಡಸಾಲೆಯಲ್ಲಿ ಟಿವಿಯ ಮೇಲಿದೆ. ರೊಟ್ಟಿ ಬಡಿಯುವ ಫೋಟೋ ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ಇಲ್ಲಿ ಹಾಕುತ್ತಿಲ್ಲ. ಆಯಿ ಬೇಡ ಅಂದಿದ್ದಾರೆ.